ನಜೀಮಾ ಹೇಳಲು ಮರೆತ ಒಂದು ಮಾತು

ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಜೀಮಾ ಪಾತ್ರೆಯ ಮುಚ್ಚಳವನ್ನು ಬಟ್ಟೆಯಿಂದ ಬಿಗಿದು ಕಟ್ಟುತ್ತಿದ್ದಳು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು ಹತ್ತತೊಡಗುತ್ತಿದ್ದಳು. ಅವಳ ಮನೆ ನೆಲಮಹಡಿಯಲ್ಲಿ, ಗೆರ್ಶೋನ್ ಮೇಷ್ಟ್ರ ಮನೆ ನಾಲ್ಕನೆಯ ಮಹಡಿಯಲ್ಲಿ. ಯೆರೂಸಲೇಮಿನ ಕತಮೋನ್ ಬಡಾವಣೆಯ ಆ ಹಳೆಯ ಸರ್ಕಾರಿ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಮೊದಲ ಮಹಡಿಯಲ್ಲಿ ಅವಳು ದೇವರನ್ನು ನೆನೆಯುತ್ತಿದ್ದಳು, ಎರಡನೆಯದರಲ್ಲಿ ತನ್ನ ಮಂಡಿಯನ್ನು ಬೈಯುತ್ತಿದ್ದಳು, ಮೂರನೆಯದರಲ್ಲಿ ಮೇಷ್ಟ್ರನ್ನು. ನಾಲ್ಕನೆಯದನ್ನು ತಲುಪುವಷ್ಟರಲ್ಲಿ ಬೈಯುವುದಕ್ಕೆ ಉಸಿರೇ ಉಳಿದಿರುತ್ತಿರಲಿಲ್ಲ.

ಮೇಷ್ಟ್ರು ಬಾಗಿಲು ತೆರೆದವರೇ ಪಾತ್ರೆಯ ಕಡೆ ಮೂಗು ಚಾಚುತ್ತಿದ್ದರು.

"ಈ ಸಲಾನೂ ಹುಳಿ ಜಾಸ್ತಿನಾ?"

"ತಿಂದು ನೋಡಿ ಹೇಳಿ."

"ಹೋದ ವಾರ ತಿಂದು ನೋಡೇ ಹೇಳ್ತಿರೋದು."

ಸೊಪ್ಪು, ನಿಂಬೆಹುಳಿ ಹಾಕಿದ ಸಾರಿನಲ್ಲಿ ಮಾಂಸ ತುಂಬಿದ ರವೆಯುಂಡೆ, ಅದೇ ಕುಬ್ಬೆ. ಅವಳ ತಾಯಿ ಮಾಡುತ್ತಿದ್ದುದು ಹಾಗೆ, ಅಜ್ಜಿ ಮಾಡುತ್ತಿದ್ದುದು ಹಾಗೆ. ಪೋಲೆಂಡಿನ ಕಡೆಯ ಮನೆತನದ ಈ ಮನುಷ್ಯನಿಗೆ ಹುಳಿಯೆಂದರೆ ಏನು ಗೊತ್ತು? ಅವರಿಗೆ ಮೀನಿಗೂ ಸಕ್ಕರೆ ಬೇಕು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಪಾತ್ರೆ ಕೈಗೆ ತೆಗೆದುಕೊಂಡ ಮೇಲೆ ಮೇಷ್ಟ್ರು ಒಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ.

"ನಜೀಮಾ, ನಿಮ್ಮ ದೇವರಿಗೆ ಮುಂದಾಗೋದೆಲ್ಲ ಮೊದಲೇ ಗೊತ್ತು ತಾನೆ? ಹಾಗಿದ್ರೆ ಇವತ್ತು ನೀವು ಬರ್ತೀರಿ ಅಂತಾನೂ ಗೊತ್ತಿತ್ತು. ಇನ್ನು ನೀವು ಆರಿಸ್ಕೊಂಡದ್ದೇನು?"

"ಅವನಿಗೆ ಗೊತ್ತಿರೋದು ಅವನ ಹತ್ರಾನೇ ಇದೆ ಮೇಷ್ಟ್ರೇ. ನನ್ನ ಮಂಡಿಗೆ ಬಂದು ಹೇಳಲಿಲ್ಲ."

ಇನ್ನೊಂದು ವಾರ: "ಮಾಡು ಅಂತ ಆಜ್ಞೆ ಕೊಡಬಹುದು, ಒಪ್ತೀನಿ. ನಂಬು ಅಂತ ಆಜ್ಞೆ ಕೊಡೋದು ಹೇಗೆ? ನಂಬಿಕೆ ಇರೋನಿಗೆ ಆ ಆಜ್ಞೆ ಬೇಡ. ಇಲ್ಲದೋನು ಯಾರ ಆಜ್ಞೆ ಅಂತ ಕೇಳ್ತಾನೆ?"

"ಸಾರು ಆರ್ತಾ ಇದೆ" ಎನ್ನುತ್ತಿದ್ದಳು ನಜೀಮಾ. ಕೆಳಗಿಳಿಯುವಾಗ ಅರವತ್ತೆಂಟು ಮೆಟ್ಟಿಲೂ ಆ ಪ್ರಶ್ನೆ ಅವಳ ಜೊತೆಗೇ ಇಳಿಯುತ್ತಿತ್ತು. ಉತ್ತರ ಹೊಳೆಯುತ್ತಿದ್ದುದು ಭಾನುವಾರ ಬಟ್ಟೆ ಒಗೆಯುವಾಗ. ಅದನ್ನು ಹೇಳಲು ಶುಕ್ರವಾರದವರೆಗೆ ಕಾಯಬೇಕು. ಅಷ್ಟರಲ್ಲಿ ಮೇಷ್ಟ್ರು ಬೇರೆ ಪ್ರಶ್ನೆಗೆ ಹೋಗಿರುತ್ತಿದ್ದರು.

ನಜೀಮಾ ಓದಿದವಳಲ್ಲ. ಕುರ್ದಿಸ್ತಾನದ ಬೆಟ್ಟಗಳಿಂದ ಅವಳ ತಾಯಿ ಬೆನ್ನಿಗೆ ಕಟ್ಟಿಕೊಂಡು ತಂದ ಎರಡು ವರ್ಷದ ಮಗು ಅವಳು. ಬೆಳೆದದ್ದು ವಲಸೆ ಶಿಬಿರದ ತಗಡಿನ ಗುಡಿಸಲಿನಲ್ಲಿ. ಹದಿನಾಲ್ಕಕ್ಕೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು, ಆಮೇಲೆ ಮೂವತ್ತು ವರ್ಷ ಒಂದು ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ಕಲ್ಲು ಕೆತ್ತುವ ಸಬ್ತೋನನ್ನು ಮದುವೆಯಾಗಿ ನಾಲ್ಕು ಮಕ್ಕಳನ್ನು ಹೆತ್ತಳು. ಪ್ರಾರ್ಥನೆಯ ಪುಸ್ತಕ ಓದಲು ಕಲಿತದ್ದು ನಲವತ್ತನೆಯ ವಯಸ್ಸಿನಲ್ಲಿ, ಚಿಕ್ಕ ಮಗಳ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ. ಈಗಲೂ ಬೆರಳಿಟ್ಟೇ ಓದುತ್ತಾಳೆ. ಆದರೆ ಓದಿದ ಒಂದು ಅಕ್ಷರವನ್ನೂ ಅವಳು ಹಗುರವಾಗಿ ತೆಗೆದುಕೊಂಡವಳಲ್ಲ. ಬಾಯಿಂದ ಬಂದ ಮಾತು ದೇವರ ಮುಂದೆ ಇಟ್ಟ ಒತ್ತೆ ಎಂಬುದು ಅವಳಿಗೆ ತಾಯಿ ಹಾಲಿನ ಜೊತೆಗೇ ಕಲಿಸಿದ್ದು.

ಅದಕ್ಕೇ ನಮ್ಮ ಯೆಹೂದ್ಯರಲ್ಲಿ ನಾಳೆಯ ಮಾತು ಆಡುವ ಯಾರೂ ಕೊನೆಗೆ 'ಹರಕೆಯಲ್ಲ' ಎಂದು ಸೇರಿಸದೆ ಬಿಡುವುದಿಲ್ಲ. ನಾಳೆ ಬರ್ತೀನಿ, ಹರಕೆಯಲ್ಲ. ನಿನ್ನ ಪಾತ್ರೆ ಸಂಜೆ ಕೊಡ್ತೀನಿ, ಹರಕೆಯಲ್ಲ. ಆ ಮಾತು ಸೇರಿಸದೆ ಒಳ್ಳೆಯ ಕೆಲಸವೊಂದನ್ನು ಮಾಡುತ್ತೇನೆಂದು ಹೇಳಿಬಿಟ್ಟರೆ ಅದು ಹರಕೆಯಾಗಿ ಕೂರುತ್ತದೆ, ದೇವರೇ ಕೊಟ್ಟ ಆಜ್ಞೆಯಷ್ಟು ಗಟ್ಟಿಯಾಗಿ. ಮೂರು ವರ್ಷದ ಮಗುವಿಗೂ ಇದು ಗೊತ್ತು.

ಹನ್ನೊಂದು ವರ್ಷದ ಹಿಂದೆ ಮೇಷ್ಟ್ರ ಹೆಂಡತಿ ದ್ವೋರಾ ತೀರಿಕೊಂಡಾಗ ಏಳು ದಿನದ ಸೂತಕದಲ್ಲಿ ಕಟ್ಟಡದ ಹೆಂಗಸರೆಲ್ಲ ಆ ಮನೆಯಲ್ಲಿ ಸೇರಿದ್ದರು. ಮೇಷ್ಟ್ರು ನಾಲ್ಕು ದಿನದಿಂದ ಏನೂ ತಿಂದಿರಲಿಲ್ಲ. ಗೋಡೆಗೆ ಮುಖ ಮಾಡಿ ತಗ್ಗಿನ ಪೀಠದಲ್ಲಿ ಕೂತಿದ್ದರು. ಎರಡನೇ ಮಹಡಿಯವಳು, ಭಾನುವಾರ ನನ್ನದು, ಹರಕೆಯಲ್ಲ, ಎಂದಳು. ಪಕ್ಕದವಳು, ಮಂಗಳವಾರ ನಾನು ತರ್ತೀನಿ, ಹರಕೆಯಲ್ಲ, ಎಂದಳು. ಹೀಗೇ ಒಬ್ಬೊಬ್ಬರೂ ಒಂದೊಂದು ದಿನ ಹಂಚಿಕೊಂಡರು. ಶುಕ್ರವಾರ ಯಾರಿಗೂ ಬೇಕಿರಲಿಲ್ಲ. ಸಂಜೆಗೆ ಕೆಲಸ ಮುಟ್ಟದ ಸಬ್ಬತ್ ಶುರು, ಅದರ ಸಿದ್ಧತೆಯ ದಿನ, ಎಲ್ಲರ ಮನೆಯಲ್ಲೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಜೀಮಾಳಿಗೆ ರೇಗಿಹೋಯಿತು.

"ಶುಕ್ರವಾರ ನನ್ನದು" ಎಂದಳು. "ನಾನು ಬದುಕಿರೋ ತನಕ."

ಅಷ್ಟೇ ಹೇಳಿದಳು. ಸೇರಿಸಬೇಕಾದ ಮಾತು ಸೇರಿಸಲಿಲ್ಲ. ಯಾಕೆ ಬಿಟ್ಟುಹೋಯಿತು ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ರೇಗಿದ ಬಾಯಿಗೆ ಬ್ರೇಕಿಲ್ಲ. ಎರಡು ತಿಂಗಳಲ್ಲಿ ಭಾನುವಾರದವಳು ನಿಂತಳು, ಮೂರರಲ್ಲಿ ಮಂಗಳವಾರದವಳು. ಅವರದು ಹರಕೆಯಾಗಿರಲಿಲ್ಲವಲ್ಲ. ಉಳಿದದ್ದು ಶುಕ್ರವಾರ ಒಂದೇ.

ಮೇಷ್ಟ್ರನ್ನೇ ಕೆಳಗೆ ಊಟಕ್ಕೆ ಕರೆಯಬಹುದಿತ್ತು. ಕರೆದಿದ್ದಳು, ಲೆಕ್ಕವಿಲ್ಲದಷ್ಟು ಸಲ. "ದ್ರಾಕ್ಷಾರಸದ ಬಟ್ಟಲು ಎತ್ತಿ ಸಬ್ಬತ್ತನ್ನ ಹರಸೋ ಮೇಜಿನಲ್ಲಿ ನಾನು ಕೂರಲ್ಲ" ಎಂದುಬಿಡುತ್ತಿದ್ದರು. ಹದಿನೇಳಕ್ಕೆ ಧರ್ಮಪಾಠಶಾಲೆಯನ್ನೂ ಅಪ್ಪನ ಮನೆಯನ್ನೂ ಒಂದೇ ದಿನ ಬಿಟ್ಟು ಬಂದವರು. ಅಂಥ ಮೇಜಿನಲ್ಲಿ ಕೂರದೆ ಅರವತ್ತು ವರ್ಷ ದಾಟಿತ್ತು. ಜೀವನವಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಎಂಬತ್ತನಾಲ್ಕರಲ್ಲೂ ದಿನಾ ಬೆಳಿಗ್ಗೆ ಪೇಪರಿಗೆ ಇಳಿದು ಹತ್ತುತ್ತಿದ್ದರು. ಅದೇ ನಜೀಮಾಳ ಮಗಳಿಗೆ ಕಣ್ಣಲ್ಲಿ ಕಸ ಬಿದ್ದಂತೆ.

"ಅಮ್ಮಾ, ಪೇಪರಿಗೆ ಇಳಿಯೋ ಮನುಷ್ಯ ಊಟಕ್ಕೆ ಇಳಿಯಲ್ಲ. ನೀನು ಯಾಕೆ ಹತ್ಬೇಕು? ಡಾಕ್ಟರು ಏನಂದ್ರು?"

"ಮೆಟ್ಟಿಲು ಬೇಡ ಅಂದ್ರು."

"ಮತ್ತೆ?"

"ಡಾಕ್ಟರು ಆಸ್ಪತ್ರೆಯೋರು. ಹರಕೆ ಮೇಲಿನೋರದು."

"ಹಾಗಾದ್ರೆ ಬಿಡಿಸ್ಕೋ. ಮೂರು ಜನರ ಮುಂದೆ ನಿಂತು ಕೇಳಿದ್ರೆ ಹರಕೆ ಬಿಡಿಸ್ತಾರೆ. ಅದಕ್ಕೇ ತಾನೆ ಆ ದಾರಿ ಇರೋದು?"

ಚಳಿಗಾಲದಲ್ಲಿ ಒಮ್ಮೆ ಮೂರನೇ ಮಹಡಿಯ ತಿರುವಿನಲ್ಲಿ ಮಂಡಿ ಕೈಕೊಟ್ಟು ನಜೀಮಾ ಪಾತ್ರೆಯ ಸಮೇತ ಕುಸಿದು ಕೂತಳು. ಸಾರು ಮೆಟ್ಟಿಲ ಮೇಲೆಲ್ಲ ಹರಿಯಿತು. ಅದನ್ನು ಒರೆಸುತ್ತಾ, ಇನ್ನು ಸಾಕು ಎಂದುಕೊಂಡಳು. ಮರುವಾರ, ಗುರುವಾರ ಬೆಳಿಗ್ಗೆ, ತಲೆಗೆ ಒಳ್ಳೆಯ ಬಟ್ಟೆ ಕಟ್ಟಿಕೊಂಡು ಬೀದಿಯ ಪ್ರಾರ್ಥನಾ ಮಂದಿರಕ್ಕೆ ಹೋದಳು.

ಗುರುಗಳಾದ ಹಾಖಾಮ್ ರಹಮೀಮ್ ಕಾಯುತ್ತಿದ್ದರು. ಮಂದಿರ ನೋಡಿಕೊಳ್ಳುವ ಶಮ್ಮೈ ಇದ್ದ. ಮೂರನೆಯವನಾಗಿ ಬರಬೇಕಿದ್ದ ಹಣ್ಣಿನಂಗಡಿಯವನು ಕಣ್ಣಿನ ಆಸ್ಪತ್ರೆಗೆ ಹೋಗಿದ್ದ. ಬೆಳಗಿನ ಪ್ರಾರ್ಥನೆಗೆ ಬಂದವರೆಲ್ಲ ಆಗಲೇ ಕೆಲಸಕ್ಕೆ ಚದುರಿದ್ದರು.

"ಒಂದು ನಿಮಿಷ, ಯಾರನ್ನಾದ್ರೂ ಹಿಡ್ಕೊಂಡು ಬರ್ತೀನಿ" ಎಂದು ಶಮ್ಮೈ ಬೀದಿಗೆ ಹೋದ. ಹಿಡಿದುಕೊಂಡು ಬಂದದ್ದು ಗೆರ್ಶೋನ್ ಮೇಷ್ಟ್ರನ್ನು. ಕಂಕುಳಲ್ಲಿ ಪೇಪರು, ತಲೆಯ ಮೇಲೆ ಶಮ್ಮೈ ಹೊಸಿಲಲ್ಲೇ ಒತ್ತಿಟ್ಟ ಟೋಪಿ.

ನಜೀಮಾಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಇವರು ಬೇಡ" ಎಂದಳು.

"ಯಾಕಮ್ಮ? ಯೆಹೂದ್ಯರೇ. ಸುಮ್ಮನೆ ಕೂತು, ಬಿಟ್ಟಿದ್ದೀವಿ ಅಂತ ನಮ್ಮ ಜೊತೆ ಮೂರು ಸಲ ಹೇಳಿದ್ರೆ ಆಯ್ತು."

"ಅವರಿಗೆ ನಂಬಿಕೆ ಇಲ್ಲ."

"ನಂಬಿಕೆ ಯಾರು ಕೇಳಿದ್ರು? ಮೂರು ಜನ ಬೇಕು ಅಷ್ಟೇ" ಎಂದ ಶಮ್ಮೈ. ಇವತ್ತು ಬಿಟ್ಟರೆ ಗುರುಗಳು ಹತ್ತು ದಿನ ಊರಲ್ಲಿರುವುದಿಲ್ಲ ಎಂದೂ ಸೇರಿಸಿದ.

"ಕೂರ್ತೀನಿ ಬಿಡಿ" ಎಂದರು ಮೇಷ್ಟ್ರು, ತಮಾಷೆ ಸಿಕ್ಕ ಮುಖದಲ್ಲಿ. "ಹರಕೆಯನ್ನ ನಂಬದೋನಿಗಿಂತ ಸುಲಭವಾಗಿ ಹರಕೆ ಬಿಡಿಸೋರು ಯಾರು ಸಿಗ್ತಾರೆ?"

ಹರಕೆ ಏನೆಂದು ಬಾಯಿಬಿಟ್ಟು ಹೇಳದೆ ಬಿಡಿಸುವಂತಿಲ್ಲ. ಗುರುಗಳು ಕೇಳಿದರು. ನಜೀಮಾ ನೆಲ ನೋಡಿದಳು, ಮಾಡು ನೋಡಿದಳು. ಕೊನೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು: ಸೂತಕದ ಮನೆ, ಶುಕ್ರವಾರ, ಬದುಕಿರೋ ತನಕ, ಬಿಟ್ಟುಹೋದ ಮಾತು, ಮಂಡಿ, ಚೆಲ್ಲಿದ ಸಾರು. ಮೇಷ್ಟ್ರ ಮುಖದ ತಮಾಷೆ ಎಲ್ಲಿ ಹೋಯಿತೋ.

ಗುರುಗಳು ತಲೆ ಕೆರೆದುಕೊಂಡರು. "ಇವರ ಊಟದ ವಿಷಯಕ್ಕೆ ಇವರೇ ಕೂರೋದು ಸರಿ ಹೋಗಲ್ಲ. ಶಮ್ಮೈ, ಇನ್ನೊಬ್ಬನ್ನ ಹುಡುಕು. ಅಷ್ಟರಲ್ಲಿ ನಾನು ಕೇಳೋದು ಕೇಳಿರ್ತೀನಿ. ನಜೀಮಾ, ಹರಕೆ ಬಿಡಿಸ್ಬೇಕಾದ್ರೆ ಕಾರಣ ಬೇಕಮ್ಮ."

"ಮಂಡಿ ಹೋಗಿದೆ ಅಂದ್ನಲ್ಲ."

"ಅದು ಆಮೇಲೆ ಬಂದದ್ದು. ಆಮೇಲೆ ಬಂದದ್ದು ಹರಕೆಯ ಬುಡಕ್ಕೆ ತಟ್ಟಲ್ಲ. ಬುಡದಲ್ಲೇ ಪಶ್ಚಾತ್ತಾಪ ಇರ್ಬೇಕು. ಮೊದಲನೇ ಶುಕ್ರವಾರದಿಂದಾನೇ, ಅಯ್ಯೋ ನಾನು ಇದನ್ನ ಮಾಡಲೇಬಾರದಿತ್ತು ಅಂತ ಅನ್ನಿಸುತ್ತಾ?"

ನಜೀಮಾ ಮೊದಲನೆಯ ಶುಕ್ರವಾರವನ್ನು ನೆನೆದಳು. ಮೇಷ್ಟ್ರು ಆ ದಿನ ಚಮಚ ಹಿಡಿಯಲಾರದೆ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಕುಡಿದಿದ್ದರು. ಗಲ್ಲದ ಮೇಲೆ ಸಾರು ಇಳಿದಿತ್ತು.

"ಇಲ್ಲ" ಎಂದಳು. "ಹಾಗನ್ನಿಸಲ್ಲ."

"ಹೋಗಲಿ, ಮಾಡಿದ್ದಕ್ಕೆ ಪಶ್ಚಾತ್ತಾಪ ಬೇಡ. ಹರಕೆಯಲ್ಲ ಅನ್ನೋ ಮಾತು ಸೇರಿಸ್ಬೇಕಿತ್ತು ಅಂತಾದ್ರೂ ಅನ್ನಿಸುತ್ತಲ್ಲ? ಅಷ್ಟು ಹೇಳು, ಸಾಕು."

ಅದು ಸುಲಭವಾಗಿತ್ತು. ಎಲ್ಲರೂ ಹೇಳುವುದೇ ಅದು. ಆದರೆ ಆ ಮಾತು ಸೇರಿಸಿದ್ದರೆ ಎರಡನೇ ಚಳಿಗಾಲಕ್ಕೇ ಅವಳು ನಿಲ್ಲಿಸಿರುತ್ತಿದ್ದಳು. ಹುಳಿ ಜಾಸ್ತಿ ಎಂದ ಮೊದಲ ದಿನವೇ ನಿಲ್ಲಿಸಿರುತ್ತಿದ್ದಳು. ಭಾನುವಾರದವಳ ಹಾಗೆ, ಮಂಗಳವಾರದವಳ ಹಾಗೆ. ಹಾಗಾಗಿದ್ದರೆ ಒಳ್ಳೆಯದಿತ್ತು ಎಂದು ಧರ್ಮಗ್ರಂಥದ ಪೆಟ್ಟಿಗೆಯ ಮುಂದೆ ನಿಂತು ಹೇಳಬೇಕೇ?

"ಅದನ್ನೂ ಹೇಳಕ್ಕಾಗಲ್ಲ" ಎಂದಳು.

ಗುರುಗಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಹಾಗಾದ್ರೆ ನೀನು ಯಾಕಮ್ಮ ಬಂದೆ?"

"ಮೆಟ್ಟಿಲು ಹತ್ತಕ್ಕಾಗಲ್ಲ ಅಂತ!" ನಜೀಮಾಳ ಧ್ವನಿ ಏರಿತು. "ಹತ್ತಕ್ಕಾಗಲ್ಲ, ಬಿಡಕ್ಕಾಗಲ್ಲ, ಸುಳ್ಳು ಹೇಳಕ್ಕಾಗಲ್ಲ. ಇಷ್ಟು ಓದಿದೀರಿ, ಇದಕ್ಕೊಂದು ದಾರಿ ಇಲ್ವಾ?"

"ಇದೆ." ಹೇಳಿದ್ದು ಮೇಷ್ಟ್ರು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಒಬ್ಬನಿಗೆ ಕೊಡ್ತೀನಿ ಅಂತ ಹರಕೆ ಹೊತ್ತರೆ, ತಗೋಬೇಕಾದೋನು 'ನನಗೆ ಬಂದು ಸೇರಿದ ಹಾಗೇ' ಅಂತ ಒಂದು ಮಾತು ಹೇಳಿದ್ರೆ ತೀರಿತು. ಮೂರು ಜನ ಬೇಡ, ಪಶ್ಚಾತ್ತಾಪಾನೂ ಬೇಡ. ಹದಿನೈದನೇ ವಯಸ್ಸಲ್ಲಿ ನಮ್ಮಪ್ಪ ಬೆತ್ತ ಹಿಡ್ಕೊಂಡು ಕಲಿಸಿದ್ದು. ಸರಿ ತಾನೆ ಗುರುಗಳೇ?"

ಗುರುಗಳು ಗಡ್ಡ ನೀವಿಕೊಂಡರು. "ಸರಿ" ಎಂದರು, ಒಲ್ಲದ ಮನಸ್ಸಿನಿಂದ.

"ಹಾಗಾದ್ರೆ ನನಗೆ ಬಂದು ಸೇರಿದ ಹಾಗೇ. ಇಷ್ಟು ದಿನದ್ದು ಸೇರಿದೆ, ಇನ್ನು ಬರಬೇಕಾದದ್ದೆಲ್ಲ ಸೇರಿದೆ." ಮೇಷ್ಟ್ರು ಟೋಪಿ ತೆಗೆದು ಶಮ್ಮೈಯ ಕೈಗಿಟ್ಟು, ಪೇಪರು ಮರೆತು, ಹೊರಟುಹೋದರು.

ನಜೀಮಾ ಬಿಡುಗಡೆಯಾದಳು. ಮಾರನೆಯ ದಿನ, ಶುಕ್ರವಾರ ಮೂರು ಗಂಟೆಗೆ, ಮಂಚದ ಮೇಲೆ ಕಾಲು ಚಾಚಿ ಮಲಗಿದಳು. ಚೆನ್ನಾಗಿ ನಿದ್ದೆ ಬಂತು. ಪಾಪಪ್ರಜ್ಞೆ ಗೀಪಪ್ರಜ್ಞೆ ಏನೂ ಕಾಡಲಿಲ್ಲ. ಎದ್ದು ಮಗಳಿಗೆ ಫೋನ್ ಮಾಡಿ, ನಿದ್ದೆ ಮಾಡಿದೆ ಎಂದು ಹೇಳಿದಳು. ಮಗಳು, ಅಂತೂ ಬುದ್ಧಿ ಬಂತಲ್ಲ, ಎಂದಳು.

ರೇಗತೊಡಗಿದ್ದು ಸೋಮವಾರದಿಂದ. ಆ ಮನುಷ್ಯನನ್ನು ಯಾರು ಕೇಳಿದ್ದರು? ದೇವರಿಲ್ಲ, ಆಜ್ಞೆಯಿಲ್ಲ, ಹರಕೆಯೆಂಬುದು ಗಾಳಿಮಾತು ಎಂದು ಹನ್ನೊಂದು ವರ್ಷ ಅವಳ ತಲೆ ತಿಂದವನು, ಅವಳಿಗೆ ಬಿಡುಗಡೆ ಕೊಡುವ ಹೊತ್ತಿಗೆ ಅಪ್ಪ ಕಲಿಸಿದ ಶಾಸ್ತ್ರವನ್ನೇ ತೆಗೆದನಲ್ಲ. ಅದೂ ಹೋಗಲಿ. ಈಗ ಪ್ರತಿ ವಾರವೂ ಅವಳೇ ಯೋಚಿಸಬೇಕಿತ್ತು, ಹೋಗಲೋ ಬೇಡವೋ ಎಂದು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅದನ್ನು ಯೋಚಿಸಿರಲಿಲ್ಲ. ಗೊಣಗುತ್ತಾ ಹತ್ತುವುದೇ ಇದಕ್ಕಿಂತ ಹಗುರವಾಗಿತ್ತು. ಸ್ವಾತಂತ್ರ್ಯ ಎನ್ನುತ್ತಾರಲ್ಲ, ಅದು ಇಷ್ಟು ಕಿರಿಕಿರಿಯ ವಸ್ತು ಎಂದು ಯಾರೂ ಹೇಳಿರಲಿಲ್ಲ.

ಎರಡನೆಯ ಶುಕ್ರವಾರ ಅವಳು ಬರಿಗೈಯಲ್ಲಿ ಹತ್ತಿದಳು. ಪಾತ್ರೆಯಿಲ್ಲದಿದ್ದರೂ ಮೂರನೇ ಮಹಡಿಯಲ್ಲಿ ಎರಡು ಸಲ ಕೂರಬೇಕಾಯಿತು.

ಮೇಷ್ಟ್ರು ಬಾಗಿಲು ತೆರೆದರು. ಹಿಂದೆ ಮೇಜಿನ ಮೇಲೆ ಬ್ರೆಡ್ಡು, ತೆರೆದ ಮೀನಿನ ಡಬ್ಬಿ.

"ನಾನು ನಿಮ್ಮನ್ನ ಬಿಟ್ಟಾಯ್ತಲ್ಲ" ಎಂದರು.

"ಯಾಕೆ ಬಿಟ್ರಿ ಅಂತ ಕೇಳಕ್ಕೆ ಬಂದೆ."

"ನಿಮಗೆ ಬೇಕಾಗಿದ್ದೇ ಅದಲ್ವಾ?"

"ನನಗೆ ಬೇಕಾಗಿದ್ದು ನನಗೆ ಗೊತ್ತು. ನೀವು ಮುಖ ಊದಿಸ್ಕೊಂಡು ಹೋದ್ರಲ್ಲ, ಅದ್ಯಾಕೆ?"

ಮೇಷ್ಟ್ರು ಬಾಗಿಲ ಚೌಕಟ್ಟಿಗೆ ಒರಗಿದರು. "ಹನ್ನೊಂದು ವರ್ಷ ನಾನೊಂದು ತಪ್ಪು ಲೆಕ್ಕ ಹಾಕ್ಕೊಂಡಿದ್ದೆ ನಜೀಮಾ. ಈ ಕಟ್ಟಡದಲ್ಲಿ ಒಬ್ಬರಾದ್ರೂ ಭಯಕ್ಕಲ್ಲ, ಪುಣ್ಯಕ್ಕಲ್ಲ, ಸುಮ್ಮನೆ ಮನಸ್ಸಿಂದ ನನ್ನ ಬಾಗಿಲಿಗೆ ಬರ್ತಾರೆ ಅಂತ. ನೋಡಿದ್ರೆ ನೀವೂ ಕಟ್ಟಿಹಾಕಿದ ಕತ್ತೆ."

"ಕತ್ತೆ ಅಂದ್ರಾ?"

"ಕಟ್ಟಿಹಾಕಿದ ಅಂತ ಅಂದೆ. ಆ ಭಾಗ ಮುಖ್ಯ."

ನಜೀಮಾ ಕಂಬಿ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಭಾನುವಾರ ಬಟ್ಟೆ ಒಗೆಯುವಾಗ ಹೊಳೆಯಬೇಕಾದ ಉತ್ತರ ಮೊದಲನೇ ಸಲ ಶುಕ್ರವಾರವೇ, ಬಾಗಿಲಲ್ಲೇ ಹೊಳೆದಿತ್ತು.

"ಮೇಷ್ಟ್ರೇ, ನಾಲ್ಕು ಮಕ್ಕಳಿಗೆ ರಾತ್ರಿ ಎದ್ದು ಹಾಲು ಕುಡಿಸಿದೀನಿ. ಮನಸ್ಸಿಂದ ಎದ್ನಾ, ಎದ್ದೇಳ್ಬೇಕು ಅಂತ ಎದ್ನಾ, ಯಾವತ್ತೂ ಕೇಳ್ಕೊಂಡೋಳಲ್ಲ. ಅತ್ವು, ಎದ್ದೆ. ಮನಸ್ಸಿದ್ದ ದಿನ ಮಾತ್ರ ಮೇಲೆ ಬಂದಿದ್ರೆ ನೀವು ವರ್ಷಕ್ಕೆ ನಾಲ್ಕು ಸಲ ಊಟ ಮಾಡ್ತಿದ್ರಿ. ಮಿಕ್ಕಿದ್ದೆಲ್ಲ ಮನಸ್ಸಿಲ್ಲದ ದಿನ ಬಂದದ್ದು. ನಿಮ್ಮ ಪ್ರಶ್ನೆ ಕೇಳಿ ತಲೆ ಕೆಟ್ಟ ದಿನ, ಮಳೆ ಬಿದ್ದ ದಿನ, ಸಬ್ತೋಗೆ ಜ್ವರ ಇದ್ದ ದಿನ. ಮನಸ್ಸಿದ್ದ ದಿನ ಬಂದದ್ದು ದೊಡ್ಡದೋ, ಇಲ್ಲದ ದಿನ ಬಂದದ್ದು ದೊಡ್ಡದೋ? ಲೆಕ್ಕದ ಮೇಷ್ಟ್ರು ನೀವು, ನೀವೇ ಹೇಳಿ."

ಮೇಷ್ಟ್ರು ಹಿಂದಿನ ಮೇಜಿನ ಕಡೆ ತಿರುಗಿದರು.

"ಹತ್ತೋದು ನನ್ನ ಕೈಲಿ ಆಗಲ್ಲ, ಅದು ಮುಗೀತು" ಎಂದಳು ನಜೀಮಾ. "ಊಟ ಕೆಳಗಿದೆ. ನಿಮಗೆ ಆಜ್ಞೆ ಇಲ್ಲ, ಹರಕೆ ಇಲ್ಲ, ನಂಬಿಕೆ ಇಲ್ಲ. ಇಳಿಯೋದಿದ್ರೆ ಇಳೀರಿ. ಇಲ್ಲದಿದ್ರೆ ಆ ಡಬ್ಬಿ ಮೀನು ತಿನ್ನಿ. ನನ್ನನ್ನ ಕೇಳ್ಬೇಡಿ."

"ಬಟ್ಟಲು ಎತ್ತೋ ಮೇಜಿಗೆ..."

"ಎತ್ತೇ ಎತ್ತುತ್ತಾರೆ. ನಿಮಗೋಸ್ಕರ ಸಬ್ತೋ ಬಟ್ಟಲು ಇಳಿಸಲ್ಲ."

ಅವಳು ಇಳಿದಳು. ಸಬ್ಬತ್ ಬಂತೆಂದು ಊರಿನ ಸೈರನ್ ಕೂಗಿತು, ದೀಪ ಹಚ್ಚಿ ಮುಖದ ಮೇಲೆ ಕೈ ಮುಚ್ಚಿಕೊಂಡಳು. ಆ ಕತ್ತಲೆಯಲ್ಲಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬೇಡಿಕೊಳ್ಳುವುದೆಲ್ಲ ಬೇಡಿದಳು. ಮೇಷ್ಟ್ರು ಬರಲಿ ಎಂದು ಬೇಡಲು ನಾಲಗೆ ಏಳಲಿಲ್ಲ. ಬರುವುದು, ಬಿಡುವುದು ಅವರ ಕೈಯಲ್ಲಿದೆ. ಅದನ್ನು ದೇವರೂ ತನ್ನ ಕೈಗೆ ತೆಗೆದುಕೊಳ್ಳುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗಿದ್ದ ಮೇಲೆ ಬೇಡುವುದೇನನ್ನು? ಕೈ ತೆಗೆದು, ಬಾಗಿಲ ಚಿಲಕ ಹಾಕದೆ ಸ್ವಲ್ಪ ಓರೆ ಮಾಡಿದಳು. ಸಬ್ಬತ್ ದಿನ ಈ ಮನೆಯಲ್ಲಿ ಯಾರೂ ಕರೆಗಂಟೆ ಒತ್ತುವಂತಿಲ್ಲ.

ಸಬ್ತೋ ಪ್ರಾರ್ಥನೆ ಮುಗಿಸಿ ಬಂದ. ಅವನಿಗೆ ಕಲ್ಲಿನ ಕೆಲಸದಲ್ಲಿ ಕಿವಿ ಮಂದವಾಗಿತ್ತು, ಮಾತೆಲ್ಲ ಜೋರು.

"ಎರಡು ತಟ್ಟೆನೋ ಮೂರೋ?"

"ನನಗೇನು ಗೊತ್ತು? ಅವರ ಕಾಲು, ಅವರ ಮನಸ್ಸು."

"ಆಂ?"

"ಮೂರು ಇಡಿ. ಹೆಚ್ಚಾದ್ರೆ ತಟ್ಟೆಗೇನು ಹಸಿವಾಗುತ್ತಾ?"

ಕಾದರು. ಕುಬ್ಬೆ ಬಿಸಿತಟ್ಟೆಯ ಮೇಲೆ ಸಣ್ಣಗೆ ಗುಳುಗುಡುತ್ತಿತ್ತು. ಎಷ್ಟು ಹೊತ್ತು ಕಾಯುವುದು? ಸಬ್ತೋನ ಹೊಟ್ಟೆ ಅವನ ಕಿವಿಗಿಂತ ಚುರುಕು. ಅವನು ದ್ರಾಕ್ಷಾರಸದ ಬಟ್ಟಲನ್ನು ತುಂಬಿ ಅಂಗೈ ಮೇಲಿಟ್ಟು ಎದ್ದು ನಿಂತ, ಕಣ್ಣು ಮುಚ್ಚಿ ಹರಸುವ ಮಾತನ್ನು ತನ್ನ ಎತ್ತರದ ಧ್ವನಿಯಲ್ಲಿ ಶುರುಮಾಡಿದ. ನಜೀಮಾ ಮೂರನೆಯ ತಟ್ಟೆಯ ಕಡೆ ನೋಡದಿರಲು ಪ್ರಯತ್ನಿಸುತ್ತಾ ನಿಂತಳು.

ಅರ್ಧಕ್ಕೆ ಬಂದಿರಬೇಕು, ಬಾಗಿಲು ಸರಿಯಿತು. ಮೇಷ್ಟ್ರು ಮನೆಯ ಚಪ್ಪಲಿಯಲ್ಲಿ, ಬರಿತಲೆಯಲ್ಲಿ, ಹೊಸಿಲ ಮೇಲೆ ನಿಂತಿದ್ದರು. ಒಂದು ಕೈ ಬಾಗಿಲನ್ನು ಹಿಡಿದೇ ಇತ್ತು, ಹಿಂದಕ್ಕೆ ಹೋಗಲೂಬಹುದು ಎಂಬಂತೆ. ಅಷ್ಟು ಪ್ರಶ್ನೆ ಕೇಳಿದ ಆ ಮುಖದಲ್ಲಿ ಈಗ, ತಂದೆಯ ಮನೆಗೆ ತಡವಾಗಿ ಬಂದ ಹುಡುಗನ ಅಳುಕು.

ನಜೀಮಾಳಿಗೆ ಹೇಳಬೇಕಾದದ್ದು ಗಂಟಲವರೆಗೆ ತುಂಬಿ ಬಂತು. ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ, ಸಾರು ಬತ್ತಿಹೋಯ್ತು, ಹನ್ನೊಂದು ವರ್ಷ ನನ್ನ ಕಾಲು ಸವೆಸಿ ಈಗ ಬಂದ್ರಾ. ಆದರೆ ಬಟ್ಟಲು ಎತ್ತಿದ ಮೇಲೆ ಕುಡಿಯುವವರೆಗೆ ಒಂದು ಮಾತೂ ಆಡುವಂತಿಲ್ಲ. ಕಣ್ಣು ಮುಚ್ಚಿದ ಸಬ್ತೋ ಎಂದಿನಂತೆ ಒಂದೊಂದು ಅಕ್ಷರವನ್ನೂ ಎಳೆದು ಎಳೆದು ಹಾಡುತ್ತಿದ್ದ. ಅವಳು ತುಟಿ ಕಚ್ಚಿಕೊಂಡು, ಕೆಂಗಣ್ಣು ಬಿಟ್ಟು, ಬೆರಳಿನಿಂದ ಕುರ್ಚಿಯನ್ನು ತೋರಿಸಿದಳು.